ಕಳ್ಳ ಬಟ್ಟಲು

ದಂತವೈದ್ಯರು ಒಂದು ಹಾಳೆಯ ತುಂಬ ಬರೀ ‘ಬೇಡ’ಗಳನ್ನೇ ಬರೆದು ಕೊಟ್ಟಿದ್ದರು. ಬಿಸಿ ಬೇಡ, ಗಟ್ಟಿ ಬೇಡ, ಖಾರ ಬೇಡ, ಸ್ಟ್ರಾ ಬೇಡ, ನಾಲಿಗೆಯ ತುದಿಯಿಂದ ಗಾಯ ಕೆದಕುವುದಂತೂ ಬೇಡವೇ ಬೇಡ. ಹಾಳೆಯ ಕೊನೆಯಲ್ಲಿ ಎರಡು ಮಾತಿಗೆ ಅಡಿಗೆರೆ ಎಳೆದಿದ್ದರು: ಎರಡು ವಾರ ಹೀರಬಾರದು, ಉಗುಳಬಾರದು.

“ಅಂದ ಹಾಗೆ, ಇವರು ಏನು ಕೆಲಸ ಮಾಡ್ತಾರೆ?” ಎಂದು ಕೈಗವಸು ಕಳಚುತ್ತ ಕೇಳಿದರು.

ಅಕ್ಕನ ಬಾಯಿಯ ಎಡಭಾಗ ಮರಗಟ್ಟಿತ್ತು. ಒಳಗೆ ಹತ್ತಿಯ ಉಂಡೆ. ಕೆಟ್ಟ ಹಲ್ಲು ಕಿತ್ತ ಜಾಗದಲ್ಲಿ, ಕೆಳದವಡೆಯ ಮೂಳೆಯೊಳಗೆ ಎರಡು ಪುಟ್ಟ ತಿರುಪುಗಳು ಆಗಷ್ಟೇ ಇಳಿದು, ಮೇಲೆ ವಸಡಿಗೆ ಹೊಲಿಗೆ ಬಿದ್ದಿತ್ತು. ಹಾಗಾಗಿ ಉತ್ತರ ಹೇಳುವ ಭಾಗ್ಯ ಪಕ್ಕದಲ್ಲಿ ನಿಂತಿದ್ದ ತಂಗಿಯ ಪಾಲಾಯಿತು.

“ಹೀರೋದು, ಉಗುಳೋದು ಡಾಕ್ಟ್ರೇ,” ಎಂದಳು ತಂಗಿ. “ದಿನಕ್ಕೆ ನೂರು ಸಲ.”

ವೈದ್ಯರು ನಕ್ಕರು. ತಂಗಿಯೂ ನಕ್ಕಳು. ಅಕ್ಕನಿಗೆ ನಗಲು ಆಗಲಿಲ್ಲ, ನಗುವ ಮನಸ್ಸೂ ಇರಲಿಲ್ಲ. ತನ್ನ ಕೆಲಸದ ಬಗ್ಗೆ ತನ್ನೆದುರೇ ಇನ್ನೊಬ್ಬರು ಉತ್ತರ ಕೊಟ್ಟದ್ದು ಅವಳಿಗೆ ಸೂಜಿ ಚುಚ್ಚಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಹೊಟ್ಟೆಕಿಚ್ಚು ಶುರುವಾದದ್ದು ವೈದ್ಯರ ಆ ಒರಗುಕುರ್ಚಿಯಲ್ಲೇ.

ಅಕ್ಕ ಚಹಾ ಕಂಪನಿಯೊಂದರಲ್ಲಿ ರುಚಿ ನೋಡುವವಳು. ಹದಿನೆಂಟು ವರ್ಷದಿಂದ ಅದೇ ಕೆಲಸ. ಮೂರನೆಯ ಮಹಡಿಯಲ್ಲಿ ಉತ್ತರಕ್ಕೆ ದೊಡ್ಡ ಕಿಟಕಿಯಿರುವ ಕೋಣೆ, ಅದರಲ್ಲೊಂದು ಉದ್ದನೆಯ ಮೇಜು, ಮೇಜಿನ ಮೇಲೆ ಹನ್ನೆರಡು ಬಿಳಿ ಬಟ್ಟಲು. ಅಕ್ಕ ಚಮಚದಲ್ಲಿ ಚಹಾ ಎತ್ತಿ, ಸೊರ್ರೆಂದು ಗಾಳಿಯ ಸಮೇತ ಒಳಗೆಳೆದು, ನಾಲಿಗೆಯ ಮೇಲೆ ಒಂದು ಸುತ್ತು ಹೊರಳಿಸಿ, ಕಾಲ ಬಳಿಯ ತಗಡಿನ ಡಬ್ಬಿಗೆ ಉಗುಳಿ, ಒಂದೇ ಮಾತು ಹೇಳುವಳು: ಒಗರು, ಹೊಗೆ, ಸಪ್ಪೆ, ಪರವಾಗಿಲ್ಲ. ಅವಳ ಬಾಯಲ್ಲಿ ‘ಪರವಾಗಿಲ್ಲ’ ಎನ್ನುವುದೇ ದೊಡ್ಡ ಹೊಗಳಿಕೆ. ಅವಳು ಹೀರುವ ಸದ್ದು ಕೆಳಗಿನ ಮಹಡಿಯ ಗುಮಾಸ್ತರಿಗೂ ಕೇಳಿಸುತ್ತಿತ್ತು. ಅದನ್ನು ಕೇಳಿಯೇ ಅವರು ಗಡಿಯಾರ ಸರಿ ಮಾಡಿಕೊಳ್ಳುತ್ತಾರೆ ಎಂಬುದು ಕಂಪನಿಯ ಹಳೆಯ ತಮಾಷೆ. ತಂಗಿ ಅಲ್ಲಿಗೆ ಸೇರಿದ್ದು ಏಳು ವರ್ಷದ ಹಿಂದೆ. ಪಕ್ಕದಲ್ಲಿ ನಿಂತು ಅಕ್ಕ ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಅವಳು ‘ಅಕ್ಕ’ ಎನ್ನುವುದನ್ನು ಕೇಳಿ ಕೇಳಿ ಇಡೀ ಕಂಪನಿಯೇ, ಯಜಮಾನರೂ ಸೇರಿ, ಅಕ್ಕ ಎನ್ನತೊಡಗಿತ್ತು.

ಆ ಮೇಜಿಗೊಂದು ಪದ್ಧತಿಯಿತ್ತು. ಒಂದು ಸಾಲಿನಲ್ಲಿ ಹನ್ನೆರಡು ಬಟ್ಟಲಿದ್ದರೂ ಚಹಾ ಇರುವುದು ಹನ್ನೊಂದೇ ಬಗೆ. ಅವುಗಳಲ್ಲಿ ಒಂದನ್ನು ಗುಟ್ಟಾಗಿ ಇನ್ನೊಂದು ಬಟ್ಟಲಿಗೂ ಹಾಕಿ, ಸಾಲಿನಲ್ಲಿ ಮುಂದೆ ಎಲ್ಲಾದರೂ ಸೇರಿಸಿಡುತ್ತಿದ್ದರು. ಅದಕ್ಕೆ ಕಳ್ಳ ಬಟ್ಟಲು ಎಂದು ಹೆಸರು. ಅದರ ಅಡಿಯಲ್ಲಿ ಕೆಂಪು ಪೆನ್ಸಿಲಿನ ಒಂದು ಚುಕ್ಕೆ. ರುಚಿ ನೋಡುವವರು ಕಳ್ಳನನ್ನು ಹಿಡಿಯಬೇಕು, ಆಮೇಲೆ ಬಟ್ಟಲನ್ನು ಎತ್ತಿ ಅಡಿಯ ಚುಕ್ಕೆ ನೋಡಬೇಕು. ಹಿಡಿಯಲಾಗದಿದ್ದರೆ ಅವತ್ತಿನ ನಾಲಿಗೆ ಸರಿಯಿಲ್ಲ ಎಂದರ್ಥ, ಇಡೀ ಸಾಲನ್ನು ಮತ್ತೆ ಮೊದಲಿಂದ ನೋಡಬೇಕು. ಕಳ್ಳನನ್ನು ಇಡುವುದು ತಂಗಿ, ಹಿಡಿಯುವುದು ಅಕ್ಕ. ಅಕ್ಕ “ಮೂರು” ಎಂದೋ “ಹತ್ತು” ಎಂದೋ ಹೇಳಿ ಕೈ ತೊಳೆಯಲು ಹೋಗಿಬಿಡುವಳು. ಬಟ್ಟಲು ಎತ್ತಿ ನೋಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಚುಕ್ಕೆ ನೋಡಿ ಪುಸ್ತಕದಲ್ಲಿ ‘ಸರಿ’ ಎಂದು ಬರೆಯುವುದು ತಂಗಿಯ ಪಾಲಿಗೆ ಬಿಟ್ಟದ್ದು.

ಈಗ ಎರಡು ವಾರ ಆ ಮೇಜು ತಂಗಿಯದು. ಮೇಜಿನ ತಲೆಯ ಕಡೆ ಹಾಕಿರುವ ಕುರ್ಚಿಯೂ ತಂಗಿಯದು. ಆ ಕೋಣೆಯಲ್ಲಿ ಇದ್ದದ್ದೇ ಒಂದು ಕುರ್ಚಿ.

ಮನೆಯಲ್ಲಿ ಆರೈಕೆಗೆ ಏನೂ ಕೊರತೆಯಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ತಂಗಿ ಮೇಲಿನ ಮನೆಯಲ್ಲೇ ಇದ್ದಳು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಳಿದು ಬಂದು ಐಸಿನ ಚೀಲಕ್ಕೆ ಬಟ್ಟೆ ಸುತ್ತಿ ಅಕ್ಕನ ಕೆನ್ನೆಗಿಟ್ಟು, “ಇಪ್ಪತ್ತು ನಿಮಿಷ ಇಡು, ಇಪ್ಪತ್ತು ನಿಮಿಷ ಬಿಡು” ಎಂದು ಎಚ್ಚರಿಸುವಳು. ಮಾತ್ರೆಗಳನ್ನು ಹೊತ್ತಿಗೆ ತಕ್ಕ ಹಾಗೆ ಬೇರೆ ಬೇರೆ ಮುಚ್ಚಳದಲ್ಲಿ ಹಾಕಿಡುವಳು. ಆಲೂಗಡ್ಡೆ ಬೇಯಿಸಿ, ನುಣ್ಣಗೆ ಹಿಸುಕಿ, ಆರಲು ಬಿಟ್ಟು ಹೋಗುವಳು. ತಲೆಗೆ ಇನ್ನೊಂದು ದಿಂಬು ಏರಿಸಿದವಳೂ ಅವಳೇ, ಊತ ಇಳಿಯಲಿ ಎಂದು.

“ನಿನ್ನ ತಂಗಿ ಕೈಗುಣವೇ ಬೇರೆ ಕಣೇ,” ಎಂದ ಗಂಡ, ಹೆಂಡತಿಗೆಂದು ಇಟ್ಟ ಆಲೂಗಡ್ಡೆಯಿಂದಲೇ ಒಂದು ಚಮಚ ಎತ್ತಿಕೊಂಡು. “ಒಂದು ಗಂಟಿಲ್ಲ ನೋಡು.”

“ಹಾಗಾದ್ರೆ ಊಟಕ್ಕೆ ಮೇಲಿನ ಮನೆಗೇ ಹೋಗಿ,” ಎಂದಳು ಅಕ್ಕ.

ಗಂಡ ಕೇಳಿಸದವನ ಹಾಗೆ ಇನ್ನೊಂದು ಚಮಚ ಎತ್ತಿಕೊಂಡ. ಅಕ್ಕ ಮುಖ ಊದಿಸಿಕೊಂಡು ಕೂತಳು, ಆದರೆ ಅದು ಯಾರ ಗಮನಕ್ಕೂ ಬರಲಿಲ್ಲ. ಮುಖ ಹೇಗೂ ಊದಿತ್ತಲ್ಲ.

ಸಂಜೆ ಆರಕ್ಕೆ ತಂಗಿ ಮಂಚದ ತುದಿಗೆ ಕೂತು, ಟಾರ್ಚ್ ಹಾಕಿ ಹೊಲಿಗೆ ನೋಡುವಳು. ಆಗ ಅವಳ ಕೈಯಿಂದ, ಕೂದಲಿನಿಂದ ಚಹಾದ ವಾಸನೆ ಬರುತ್ತಿತ್ತು. ಹದಿನೆಂಟು ವರ್ಷ ಅದು ಅಕ್ಕನ ಮೈಯ ವಾಸನೆಯಾಗಿತ್ತು. ತನ್ನ ಬಟ್ಟೆ ತೊಟ್ಟುಕೊಂಡು ಯಾರೋ ತನ್ನೆದುರೇ ಓಡಾಡಿದ ಹಾಗೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

“ಎಷ್ಟು ಸಾಲು ಮಾಡ್ದೆ?” ಎಂದು ನಾಲ್ಕನೆಯ ಸಂಜೆ ಕೇಳಿದಳು.

“ಒಂಬತ್ತು.”

“ನಾನು ಎಂಟು ಮಾಡ್ತಿದ್ದೆ.”

“ಅದು ಹೇಗೋ ಬೇಗ ಆಗೋಯ್ತಕ್ಕ. ನೀನು ಜಾಸ್ತಿ ಮಾತಾಡ್ಬೇಡ, ಹೊಲಿಗೆ ಎಳೆಯುತ್ತೆ.”

“ಕಳ್ಳ?”

“ಎಲ್ಲಾ ಸಿಕ್ತು.”

“ಯಜಮಾನ್ರು ಏನಂದ್ರು?”

ತಂಗಿ ಟಾರ್ಚ್ ಆರಿಸಿದಳು. “ಏನಿಲ್ಲ. ಸದ್ದುಗದ್ದಲ ಇಲ್ಲ, ಕೋಣೆ ತಣ್ಣಗಿದೆ ಅಂದ್ರು.”

ತಂಗಿ ಹೀರಿದರೆ ಪಕ್ಕದಲ್ಲಿದ್ದವರಿಗೂ ಕೇಳಿಸುತ್ತಿರಲಿಲ್ಲ. ತುಟಿ ಪಿಟಕ್ಕೆನ್ನದೆ ಕೆಲಸ ಮುಗಿಸುವಳು. ಅದನ್ನು ಅಕ್ಕ ಇಷ್ಟು ವರ್ಷ ಕೊರತೆ ಎಂದೇ ತಿಳಿದಿದ್ದಳು, ಪಾಪ, ಎದೆಯಲ್ಲಿ ದಮ್ಮಿಲ್ಲ ಎಂದು. ಈಗ ನೋಡಿದರೆ ಅದೇ ಗುಣವಾಗಿ ಹೋಗಿದೆ. ಹದಿನೆಂಟು ವರ್ಷದ ತನ್ನ ದುಡಿಮೆಗೆ ಗದ್ದಲ ಎಂದು ಹೆಸರಿಟ್ಟುಬಿಟ್ಟರಲ್ಲ ಎಂದು ಅವಳಿಗೆ ಅಳುವೇ ಬಂತು. ಅಳುವಾಗಲೂ ದವಡೆ ಬಿಗಿಯಬಾರದು ಎಂಬುದು ನೆನಪಾಗಿ, ಬಾಯಿ ಸಡಿಲ ಬಿಟ್ಟೇ ಅತ್ತಳು.

ಅಂದಿನಿಂದ ಅವಳು ಹಟಕ್ಕೆ ಬಿದ್ದು ಗುಣವಾಗತೊಡಗಿದಳು. ವೈದ್ಯರ ಹಾಳೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ಮಾತ್ರೆಗೆ ಒಂದು ನಿಮಿಷ ತಡವಿಲ್ಲ. ಊಟವಾದ ಮೇಲೆಲ್ಲ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಿಗೆ ತುಂಬಿಕೊಂಡು, ತಲೆಯನ್ನು ಅತ್ತಿತ್ತ ವಾಲಿಸಿ, ಉಗುಳದೆ ತಾನಾಗಿಯೇ ಬೇಸಿನ್ನಿಗೆ ಸುರಿಯಲು ಬಿಡುವಳು. ಬಲಗಡೆಯಲ್ಲೇ ಅಗಿಯುವಳು, ಮೆತ್ತನೆಯ ಬ್ರಷ್ಷಿನಿಂದ ಉಳಿದ ಹಲ್ಲುಗಳನ್ನು ಮಗುವಿನ ಹಲ್ಲಿನಂತೆ ಉಜ್ಜುವಳು. ಬೇರೆ ಯಾರಾದರೂ ಆಗಿದ್ದರೆ ಆರೋಗ್ಯದ ಮೇಲಿನ ಪ್ರೀತಿಯಿಂದ ಹೀಗೆ ಮಾಡುತ್ತಿದ್ದರೋ ಏನೋ. ಅಕ್ಕನ ಗಾಯ ಮಾಗಿದ್ದು ಶುದ್ಧ ಹೊಟ್ಟೆಕಿಚ್ಚಿನ ಬಲದಿಂದ.

ಆದರೆ ಎರಡು ವಾರ ಬಹಳ ಉದ್ದ. ಒಂಬತ್ತನೆಯ ದಿನ ಅವಳಿಂದ ತಡೆಯಲಾಗಲಿಲ್ಲ. ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದು ಗಂಡನಿಗೆ ಹೇಳಿ ನೇರ ಕಂಪನಿಗೆ ಹೋದಳು.

ರುಚಿ ನೋಡುವ ಕೋಣೆಯ ಪಕ್ಕದ ಗೂಡಿನಲ್ಲಿ ಕೆಟಲ್ ಅಜ್ಜ ನೀರು ಕಾಯಿಸುತ್ತಿದ್ದ. ಅವನು ಅಲ್ಲಿನ ಎಲ್ಲರಿಗಿಂತ ಹಳಬ, ಬಟ್ಟಲಿಗೆ ಬಿಸಿನೀರು ಹೊಯ್ಯುವುದೊಂದೇ ಅವನ ಕೆಲಸ. ಅಕ್ಕ ಇಲ್ಲದ ಈ ದಿನಗಳಲ್ಲಿ ತಂಗಿಗೆ ಕಳ್ಳ ಬಟ್ಟಲು ಇಡುತ್ತಿದ್ದವನೂ ಅವನೇ.

“ಅಜ್ಜ, ಹನ್ನೊಂದು ಗಂಟೆ ಸಾಲು ಇವತ್ತು ನಾನು ಜೋಡಿಸ್ತೀನಿ,” ಎಂದಳು ಅಕ್ಕ. ಹನ್ನೊಂದು ಗಂಟೆಯ ಸಾಲಿಗೆ ಯಜಮಾನರು ಬಂದು ನಿಲ್ಲುವ ರೂಢಿ.

“ನಿಮ್ಮ ಮೇಜು, ನಿಮ್ಮ ಇಷ್ಟ,” ಎಂದ ಅಜ್ಜ. “ನಿಮ್ಮ ತಂಗಿ ದಿನವಿಡೀ ನಿಂತೇ ಇರ್ತಾರೆ ನೋಡಿ. ಕುರ್ಚೀಲಿ ನಿಮ್ಮ ಏಪ್ರನ್ ಮಡಚಿ ಇಟ್ಟುಬಿಟ್ಟಿದ್ದಾರೆ. ಕೂತ್ಕೊಳಮ್ಮ ಅಂದ್ರೂ ಕೇಳಲ್ಲ.”

ಒಳ್ಳೆಯವಳು ಅನ್ನಿಸಿಕೊಳ್ಳುವ ನಾಟಕ, ಎಂದುಕೊಂಡಳು ಅಕ್ಕ. ಅಜ್ಜನನ್ನೂ ಮರುಳು ಮಾಡಿದ್ದಾಳೆ.

ಅವಳು ಜೋಡಿಸಿದ್ದು ಹನ್ನೆರಡು ಬಟ್ಟಲಿಗೆ ಹನ್ನೆರಡು ಬೇರೆ ಬೇರೆ ಚಹಾ. ಕಳ್ಳನನ್ನು ಇಡಲೇ ಇಲ್ಲ. ಇದಕ್ಕಿಂತ ಕೆಟ್ಟ ಬಲೆ ಆ ಮೇಜಿನ ಮೇಲೆ ಸಾಧ್ಯವಿರಲಿಲ್ಲ. ಕಳ್ಳ ಇದ್ದೇ ಇದ್ದಾನೆ ಎಂದು ಹುಡುಕಲು ಹೊರಟ ನಾಲಿಗೆ ಎರಡು ಚಹಾಗಳನ್ನು ಬಲವಂತದಿಂದ ಒಂದೇ ಮಾಡಿ, ಯಾವುದೋ ಸಾಚಾ ಬಟ್ಟಲಿನತ್ತ ಬೆರಳು ತೋರಿಸುತ್ತದೆ. ಎತ್ತಿ ನೋಡಿದರೆ ಚುಕ್ಕೆ ಇರುವುದಿಲ್ಲ. ಅದೂ ಯಜಮಾನರ ಎದುರಿಗೆ. ಅಜ್ಜ ಎಲ್ಲವನ್ನೂ ನೋಡಿದ, ನೋಡಿ ಕೆಟಲಿನ ಕಡೆ ತಿರುಗಿಕೊಂಡ.

“ಅಕ್ಕಾ, ಇಷ್ಟು ದೂರ ನಡ್ಕೊಂಡೇ ಬಂದ್ಯಾ?” ಎಂದಳು ಒಳಗೆ ಬಂದ ತಂಗಿ. ಕುರ್ಚಿಯ ಮೇಲಿನ ಏಪ್ರನ್ ಎತ್ತಿ, “ಕೂತ್ಕೋ” ಎಂದು ಕುರ್ಚಿಯನ್ನು ಅಕ್ಕನ ಕಡೆ ಸರಿಸಿದಳು.

ಅಕ್ಕ ಕೂತಳು. ಯಜಮಾನರು ಬಂದು ಕಿಟಕಿಯ ಬಳಿ ನಿಂತರು. ತಂಗಿ ಒಂದರಿಂದ ಹನ್ನೆರಡರವರೆಗೆ ಸದ್ದಿಲ್ಲದೆ ಹೋದಳು, ಮತ್ತೆ ಒಂದಕ್ಕೆ ಬಂದಳು. ಎರಡನೆಯ ಸುತ್ತು ಮುಗಿಯುವಾಗ ಅವಳ ಹುಬ್ಬು ಗಂಟಿಕ್ಕಿತ್ತು. ಅಕ್ಕ ಖುಷಿಯಿಂದ ಕುರ್ಚಿಯ ತುದಿಗೆ ಸರಿದಳು. ಹೇಳು, ಯಾವುದೋ ಒಂದು ಹೇಳು.

ತಂಗಿ ಚಮಚ ಕೆಳಗಿಟ್ಟಳು. “ಇದರಲ್ಲಿ ಕಳ್ಳ ಇಲ್ಲ,” ಎಂದಳು.

“ಇಲ್ಲದೆ ಹೇಗಿರುತ್ತೆ?” ಎಂದು ಯಜಮಾನರು ತಾವೇ ಒಂದೊಂದಾಗಿ ಬಟ್ಟಲು ಎತ್ತಿ ನೋಡಿದರು. ಒಂದಕ್ಕೂ ಚುಕ್ಕೆಯಿರಲಿಲ್ಲ.

“ನಾನೇ ಇಡ್ಲಿಲ್ಲ,” ಎಂದಳು ಅಕ್ಕ. ಬೇರೆ ದಾರಿ ಇರಲಿಲ್ಲ. “ಪರೀಕ್ಷೆ ಮಾಡೋಣ ಅಂತ.”

“ಒಳ್ಳೇ ಪರೀಕ್ಷೆ ಅಕ್ಕ. ಇದನ್ನ ಹಿಡಿಯೋ ನಾಲಿಗೆ ನಾನು ನೋಡಿರ್ಲಿಲ್ಲ,” ಎಂದರು ಯಜಮಾನರು. “ಹಾಗಿದ್ರೆ ಒಂದು ಮಾಡೋಣ. ನೀವು ವಾಪಸ್ ಬಂದ ದಿನ ನನ್ನೆದುರಿಗೆ ಒಂದು ಸಾಲು ನೋಡಿ. ಕಳ್ಳ ಸಿಕ್ಕರೆ ಎಲ್ಲ ಮೊದಲಿನ ಹಾಗೇ. ಸಿಗದಿದ್ರೆ ಕುರ್ಚಿ ತಂಗಿಗೆ, ಪುಸ್ತಕ ನಿಮಗೆ. ಸಾಲು ಜೋಡಿಸೋದು ತಂಗಿಯೇ. ಅವರಷ್ಟು ಕಷ್ಟದ ಸಾಲು ಇನ್ಯಾರು ಜೋಡಿಸ್ತಾರೆ?”

ತಾನು ತೋಡಿದ ಗುಂಡಿಯಲ್ಲಿ ತಾನೇ ನಿಂತಿದ್ದಳು ಅಕ್ಕ. ರೋಷ ನೆತ್ತಿಗೇರಿತು. “ಆಮೇಲೆ ಯಾಕೆ, ಈಗಲೇ ನೋಡ್ತೀನಿ,” ಎಂದು ಚಮಚ ತೆಗೆದುಕೊಂಡು ಹೊಗೆಯಾಡುವ ಚಹಾವನ್ನು ತುಟಿಯವರೆಗೆ ಎತ್ತಿಯೂಬಿಟ್ಟಳು. ತಂಗಿ ಮೇಜು ಬಳಸಿ ಬಂದು ಅವಳ ಮಣಿಕಟ್ಟು ಹಿಡಿದಳು. ಚಹಾ ಇಬ್ಬರ ತೋಳಿನ ಮೇಲೂ ಚೆಲ್ಲಿತು.

“ಹೊಲಿಗೆ ಇದೆ ಅಕ್ಕ,” ಎಂದಳು. ಬಲೆ ಹೆಣೆದವಳು ಯಾರೆಂದು ಗೊತ್ತಾದ ಮೇಲೂ ಅವಳು ಹೇಳಿದ್ದು ಅಷ್ಟೇ.

ಮೆಟ್ಟಿಲು ಇಳಿಸಿ ಬರಲು ತಂಗಿಯೇ ಜೊತೆಗೆ ಬಂದಳು. ಎರಡನೆಯ ಮಹಡಿಯ ತಿರುವಿನಲ್ಲಿ ಹಳೆಯ ಚಹಾಪೆಟ್ಟಿಗೆಗಳನ್ನು ಗೋಡೆಗೆ ಒಟ್ಟಿದ್ದರು. ಅಲ್ಲಿ ಅಕ್ಕ ನಿಂತಳು.

“ಹೇಗೆ ಗೊತ್ತಾಯ್ತು ನಿಂಗೆ?”

“ನಾನೂ ಅದನ್ನೇ ಮಾಡಿದ್ದೆ ಅಕ್ಕ. ಎರಡು ವರ್ಷದ ಹಿಂದೆ, ನಿಂಗೆ.”

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ.

“ಹೊಟ್ಟೆಕಿಚ್ಚು,” ಎಂದಳು ತಂಗಿ, ನೆಲ ನೋಡುತ್ತ. “ಐದು ವರ್ಷ ನೀನು ಹೇಳಿದ್ದನ್ನೇ ಬರ್ದು ಬರ್ದು ಸಾಕಾಗಿತ್ತು. ಒಂದು ಸಲ ನೀನು ತಪ್ಪಬೇಕು, ಯಜಮಾನ್ರು ಅದನ್ನ ನೋಡಬೇಕು ಅನ್ನಿಸ್ತು. ಕಳ್ಳನ್ನ ಇಡ್ಲೇ ಇಲ್ಲ.”

“ನಾನು ಏನಂದೆ?”

“ಏಳು ಅಂದೆ. ಹೇಳಿ ಕೈ ತೊಳ್ಯೋಕೆ ಹೋದೆ.”

ಕೆಳಗಿನ ಗುಮಾಸ್ತರ ಕೋಣೆಯಲ್ಲಿ ಯಾರೋ ಟೈಪು ಮಾಡುತ್ತಿದ್ದರು.

“ಯಜಮಾನ್ರು ಬಾಗಿಲ ಹತ್ರ ಯಾರ ಜೊತೆಗೋ ಮಾತಾಡ್ತಿದ್ರು,” ಎಂದಳು ತಂಗಿ. “ಅವರು ತಿರುಗೋದ್ರೊಳಗೆ ಏಳನೇ ಬಟ್ಟಲಿನ ಅಡಿಗೆ ನಾನೇ ಚುಕ್ಕೆ ಇಟ್ಟೆ. ಸರಿ ಅಂತ ಬರೆದೆ. ನಿನ್ನ ತಪ್ಪು ತೋರಿಸೋಕೆ ಯಾಕೋ ಮನಸ್ಸು ಬರಲಿಲ್ಲ. ಆವಾಗಲೇ ನಿನ್ನ ಹಲ್ಲು ಒಳಗೊಳಗೇ ಕೆಡ್ತಾ ಇತ್ತೇನೋ, ಅದಕ್ಕೇ ಹಾಗಾಗಿರಬೇಕು.”

ಅಕ್ಕ ಉಳಿದ ಮೆಟ್ಟಿಲು ಇಳಿದಳು. ತಂಗಿ ಜಂಬ ಕೊಚ್ಚಿದ್ದರೆ ಅವಳ ಮೇಲೆ ಹರಿಹಾಯಬಹುದಿತ್ತು. ಎರಡು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಂದು ದಿನವೂ ಚುಚ್ಚದೆ, ಪಕ್ಕದಲ್ಲಿ ನಿಂತು ಬರೆಯುತ್ತಲೇ ಇದ್ದಳಲ್ಲ. ಮನೆ ಮುಟ್ಟುವ ಹೊತ್ತಿಗೆ ಅಕ್ಕನಿಗೆ ತಂಗಿಯ ನಾಲಿಗೆಯ ಬಗ್ಗೆ ಇದ್ದ ಹೊಟ್ಟೆಕಿಚ್ಚಿನ ಜೊತೆಗೆ ಅವಳ ಒಳ್ಳೆಯತನದ ಮೇಲೂ ಹೊಟ್ಟೆಕಿಚ್ಚು ಸೇರಿಕೊಂಡಿತ್ತು. ತಾನು ಆ ಜಾಗದಲ್ಲಿದ್ದರೆ ಚುಕ್ಕೆ ಇಡುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಬಂದ ಉತ್ತರ ಅವಳಿಗೆ ಹಿಡಿಸಲಿಲ್ಲ.

ಹದಿನೈದನೆಯ ದಿನ ಬೆಳಗ್ಗೆ ವೈದ್ಯರು ಹೊಲಿಗೆ ತೆಗೆದರು. ವಸಡು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಚೆನ್ನಾಗಿ ಕೂಡಿಕೊಂಡಿತ್ತು.

“ಇಷ್ಟು ಚೊಕ್ಕವಾಗಿ ವಾಸಿಯಾದ ಬಾಯಿ ಈ ವರ್ಷ ನೋಡಿಲ್ಲ. ಏನು ಮಾಡಿದ್ರಿ?”

“ನೀವು ಬರೆದದ್ದು ಮಾಡ್ದೆ,” ಎಂದಳು. ನಿಜವಾದ ಔಷಧಿಯ ಹೆಸರು ಹೇಳಲು ಸಾಧ್ಯವಿರಲಿಲ್ಲ.

ಮೂಳೆ ತಿರುಪನ್ನು ಗಟ್ಟಿಯಾಗಿ ಹಿಡಿಯಲು ಇನ್ನೂ ಮೂರು ತಿಂಗಳು ಬೇಕು, ಹಲ್ಲು ಕೂರಿಸುವುದು ಆಮೇಲೆ, ಅಲ್ಲಿಯವರೆಗೆ ಎಡಗಡೆ ಅಗಿಯಬೇಡಿ ಎಂದರು. ಹೀರಬಹುದು, ತೀರಾ ಸುಡುವ ಬಿಸಿ ಬೇಡ.

ಹನ್ನೊಂದು ಗಂಟೆಗೆ ಸಾಲು ಸಿದ್ಧವಾಗಿತ್ತು. ಯಜಮಾನರು ಕಿಟಕಿಯ ಬಳಿ, ಅಜ್ಜ ಗೂಡಿನ ಬಾಗಿಲಲ್ಲಿ, ತಂಗಿ ಪುಸ್ತಕ ಹಿಡಿದು ಮೇಜಿನ ಪಕ್ಕದಲ್ಲಿ. ಅಕ್ಕ ಏಪ್ರನ್ ಕಟ್ಟಿಕೊಂಡಳು. ಚಹಾ ಸ್ವಲ್ಪ ಆರಲಿ ಎಂದು ಕಾದಳು. ಆಮೇಲೆ ಮೊದಲ ಚಮಚ ಎತ್ತಿ ಸೊರ್ರೆಂದು ಹೀರಿದಳು. ಕೆಳಗಿನ ಮಹಡಿಯಲ್ಲಿ ಟೈಪಿನ ಸದ್ದು ನಿಂತಿತು.

ಚಹಾ ನಾಲಿಗೆಯ ಮೇಲೆ ಬಿಚ್ಚಿಕೊಂಡಿತು. ಎರಡು ವರ್ಷದಿಂದ ಪ್ರತಿ ಚಮಚದ ಕೊನೆಗೆ ಸಣ್ಣಗೊಂದು ಹುಳಿ ಬರುತ್ತಿತ್ತು, ತೋಟಗಳೇ ಕೆಟ್ಟಿವೆ ಎಂದುಕೊಂಡಿದ್ದಳು. ಇವತ್ತು ಆ ಹುಳಿ ಇರಲಿಲ್ಲ. ತೋಟಗಳಿಗೆ ಏನೂ ಆಗಿರಲಿಲ್ಲ, ಕೆಟ್ಟದ್ದು ತನ್ನ ಹಲ್ಲು. ನಾಲ್ಕನೆಯದು ಜೇನಿನ ಹಾಗೆ ಶುರುವಾಗಿ ಒಗರಿನಲ್ಲಿ ಮುಗಿ‍ಯಿತು. ಒಂಬತ್ತನೆಯದೂ ಹಾಗೆಯೇ. ಆದರೆ ಹಿಂದೆಂದೂ ಬಾರದ ಅನುಮಾನ ಬಂತು. ಏಳು ಎಂದದ್ದೂ ಇಷ್ಟೇ ಧೈರ್ಯದಿಂದ ಅಲ್ಲವೇ? ತಂಗಿಯ ಮುಖ ನೋಡಿದಳು. ತಂಗಿ ಪುಸ್ತಕದಿಂದ ಕಣ್ಣೆತ್ತಲಿಲ್ಲ.

“ಒಂಬತ್ತು,” ಎಂದಳು ಅಕ್ಕ. “ನಾಲ್ಕರದ್ದೇ ಅದು.”

ಅವಳು ಕೈ ತೊಳೆಯಲು ಹೋಗಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬಟ್ಟಲನ್ನು ತಾನೇ ಎತ್ತಿ ಅಡಿ ನೋಡಿದಳು. ಕೆಂಪು ಚುಕ್ಕೆ ಇತ್ತು.

“ಕುರ್ಚಿ ನಿಮ್ಮದೇ ಅಕ್ಕ,” ಎಂದು ಯಜಮಾನರು ನಕ್ಕು ಹೊರಟುಹೋದರು.

ಅಕ್ಕನಿಗೆ ಕುಣಿಯಬೇಕೆನಿಸಿತು. ಸೋತವಳ ಮುಖ ಒಂದು ಕ್ಷಣ ನೋಡೋಣ ಎಂಬ ದುರಾಸೆಯಿಂದ ತಿರುಗಿದಳು. ತಂಗಿ ಆಗಲೇ ಬಟ್ಟಲುಗಳನ್ನು ಗಡಿಬಿಡಿಯಿಂದ ತಟ್ಟೆಗೆ ಪೇರಿಸುತ್ತಿದ್ದಳು. ಅದು ಅವಳ ಕೆಲಸವಲ್ಲ, ಅಜ್ಜನದು. ಅಕ್ಕ ಕೈ ಚಾಚಿ ಎಂಟನೆಯ ಬಟ್ಟಲು ಎತ್ತಿದಳು. ಅಡಿಯಲ್ಲಿ ಕೆಂಪು ಚುಕ್ಕೆ. ಐದನೆಯದನ್ನು ಎತ್ತಿದಳು, ಅಲ್ಲೂ ಇತ್ತು. ಒಂದು, ಎರಡು, ಹನ್ನೆರಡು. ಎಲ್ಲಕ್ಕೂ ಇತ್ತು. ಅಜ್ಜ ಕೆಟಲಿನ ಕಡೆ ತಿರುಗಿಕೊಂಡ.

“ಯಾವುದು ಹೇಳಿದ್ರೂ ನಾನು ಗೆಲ್ತಿದ್ದೆ,” ಎಂದಳು ಅಕ್ಕ.

“ಒಂಬತ್ತೇ ಅಕ್ಕ. ನಿಜವಾಗ್ಲೂ ಒಂಬತ್ತೇ.”

“ಮತ್ತೆ ಉಳಿದದ್ದಕ್ಕೆ ಯಾಕೆ ಇಟ್ಟೆ?”

ತಂಗಿ ತಟ್ಟೆ ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ತಾನು ಗೆದ್ದದ್ದು ನಿಜವೇ ಇರಬಹುದು, ಆದರೂ ಅದನ್ನು ಹನ್ನೊಂದು ಚುಕ್ಕೆಗಳ ನಡುವಿನಿಂದ ಹೆಕ್ಕಿ ತೆಗೆಯಲು ಅಕ್ಕನಿಗೆ ಆಗಲಿಲ್ಲ. ತನಗೋಸ್ಕರ ಯಾರೂ ಹೀಗೆ ಹನ್ನೆರಡು ಸಲ ಬಾಗಿರಲಿಲ್ಲ ಎಂಬುದೂ ಹೊಳೆಯಿತು. ಅವಮಾನ ಯಾವುದು, ಪ್ರೀತಿ ಯಾವುದು ಎಂದು ಬೇರೆ ಮಾಡಲು ಅವಳ ನಾಲಿಗೆಗೆ ಬರಲಿಲ್ಲ.

ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಹನ್ನೆರಡೂ ಬಟ್ಟಲುಗಳ ಅಡಿಯನ್ನು ಒರೆಸಿದಳು. ಆಮೇಲೆ ಕೆಂಪು ಪೆನ್ಸಿಲನ್ನು ತಂಗಿಯ ಕೈಗಿಟ್ಟಳು.

“ನಾಳೆ ಯಜಮಾನ್ರನ್ನ ಮತ್ತೆ ಕರಿ. ಒಂದಕ್ಕೇ ಇಡು. ಕಷ್ಟದ್ದು ಇಡು.”

“ಸಿಗದಿದ್ರೆ ಅಕ್ಕ?”

ಅಕ್ಕ ಕುರ್ಚಿಯ ಕಡೆ ನೋಡಿದಳು, ಕೂರಲಿಲ್ಲ. ತಂಗಿಯ ಕಂಕುಳಲ್ಲಿದ್ದ ಪುಸ್ತಕ ಎಳೆದುಕೊಂಡು, ಏಳು ವರ್ಷದ ಹಾಳೆಗಳನ್ನು ಒಮ್ಮೆ ಮಗುಚಿದಳು.

“ಸಿಗದಿದ್ರೆ ನೀನು ಕೂತ್ಕೋ, ನಾನು ಬರೀತೀನಿ,” ಎಂದಳು. “ಅಕ್ಷರನಾದ್ರೂ ನಿನಗಿಂತ ನನ್ನದು ಚೆನ್ನಾಗಿದೆ.”